ಕಹಿ ಕಿತ್ತಳೆ ಎಣ್ಣೆ: ಮೂರು ವರ್ಷ ಬಳಸಿದ ಮೇಲೆ

ಸಿಹಿ ಕಿತ್ತಳೆ ಎಣ್ಣೆಯನ್ನೂ ಕಹಿ ಕಿತ್ತಳೆ ಎಣ್ಣೆಯನ್ನೂ ಒಂದೊಂದು ಕಾಗದದ ಪಟ್ಟಿಗೆ ಹಚ್ಚಿ ಮೂಸಿ ನೋಡಿ. ಸಿಹಿಯದ್ದು ಜ್ಯೂಸ್ ನೆನಪಿಸುತ್ತದೆ. ಕಹಿ ಕಿತ್ತಳೆಯದ್ದು ಹಾಗಲ್ಲ. ಸಿಪ್ಪೆಯನ್ನು ಬೆರಳಲ್ಲಿ ಮಡಚಿದಾಗ ಮುಖಕ್ಕೆ ಚಿಮ್ಮುವ ತುಂತುರು ಇರುತ್ತಲ್ಲ, ಥೇಟ್ ಅದೇ ಘಮ. ಹಿಂದೆಯೇ ಒಂಚೂರು ಹಸಿರು, ಒಂಚೂರು ಹೂವು. ಎರಡರಲ್ಲೂ ನೂರಕ್ಕೆ 90ಕ್ಕಿಂತ ಜಾಸ್ತಿ ಲಿಮೊನೀನ್ ಅನ್ನುವ ಒಂದೇ ಘಮದ ಅಂಶ ಇರೋದು. ಉಳಿದ ಚೂರುಪಾರಿನಲ್ಲೇ ಇಷ್ಟೊಂದು ವ್ಯತ್ಯಾಸ!

ನಾನು ಮನೆಯಲ್ಲೇ ನೈಸರ್ಗಿಕ ಪರ್ಫ್ಯೂಮ್ ಮಾಡಿಕೊಳ್ಳುತ್ತೇನೆ. ಇದು ನನ್ನ ಎರಡನೇ ಬಾಟಲಿ. ಮೊದಲನೆಯದರಲ್ಲಿ ಎರಡು ತಪ್ಪು ಮಾಡಿದೆ.

ಅಳತೆ ನೋಡದೆ ಬೆರೆಸಿ, ಮಣಿಕಟ್ಟಿಗೆ ಹಚ್ಚಿಕೊಂಡು ಬಿಸಿಲಿಗೆ ಹೋದೆ. ಚರ್ಮ ಕೆಂಪಾಗಿ ಉರಿಯಿತು, ಆಮೇಲೆ ಕಂದು ಕಲೆ ಉಳಿಯಿತು. ಅದು ಮಾಯಲು ಎರಡು ತಿಂಗಳು ಬೇಕಾಯಿತು. ಸಿಪ್ಪೆ ಹಿಂಡಿ ತೆಗೆದ ಈ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ ಅಂಶಗಳಿರುತ್ತವೆ. ಬಿಸಿಲು ತಾಗಿದರೆ ಅವು ಚರ್ಮವನ್ನು ಸುಡುತ್ತವೆ. ಮೈಗೆ ಹಚ್ಚಿ ಹಾಗೇ ಬಿಡುವ ಪರ್ಫ್ಯೂಮ್‌ಗೆ ಇಫ್ರಾ (ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ) ಹೇಳುವ ಮಿತಿ ನೂರಕ್ಕೆ 1.25. ಅಂದರೆ 10 ಎಂಎಲ್‌ಗೆ ಎರಡು ಹನಿ, ಅಷ್ಟೇ. ಇಂಥದ್ದೇ ಅಂಶಗಳಿರುವ ಬರ್ಗಮಾಟ್ (ಇನ್ನೊಂದು ಸಿಟ್ರಸ್ ಹಣ್ಣು) ಎಣ್ಣೆಯನ್ನೂ ಹಾಕುವುದಾದರೆ ಇನ್ನೂ ಕಡಿಮೆ ಮಾಡಬೇಕು. ಕಿತ್ತಳೆ ಘಮ ಜಾಸ್ತಿ ಬೇಕೆಂದರೆ ಸಿಹಿ ಕಿತ್ತಳೆ ಸೇರಿಸುತ್ತೇನೆ. ಅದಕ್ಕೆ ಬಿಸಿಲಿನ ಈ ಕಾಟ ಇಲ್ಲ.

ಇನ್ನೊಂದು ತಪ್ಪು, ಅರ್ಧ ಖಾಲಿಯಾದ ಬಾಟಲಿಯನ್ನು ಕಿಟಕಿ ಪಕ್ಕ ಇಟ್ಟಿದ್ದು. ಕೆಲವು ತಿಂಗಳಲ್ಲಿ ಬಾಟಲಿಯ ಕತ್ತು ಅಂಟಂಟಾಯಿತು, ವಾಸನೆ ಟರ್ಪೆಂಟೈನ್ ಕಡೆ ತಿರುಗಿತು. ಗಾಳಿ ತಾಗಿದ ಲಿಮೊನೀನ್ ಚರ್ಮಕ್ಕೆ ಅಲರ್ಜಿ ತರಬಲ್ಲದು, ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಂಡು ಎಸೆದುಬಿಟ್ಟೆ. ಈ ಸಲ ಬಂದ ದಿನವೇ 5 ಎಂಎಲ್‌ನ ಕಪ್ಪು ಬಾಟಲಿಗಳಿಗೆ ಕತ್ತಿನವರೆಗೂ ತುಂಬಿಸಿ ಫ್ರಿಜ್‌ನಲ್ಲಿಟ್ಟೆ.

ಈ ಎಣ್ಣೆಯ ಘಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಜ. ಇದು ಮೊದಲು ಬಂದು ಮೊದಲೇ ಹೋಗುವ ಘಮ. ನನ್ನ ಮೈಮೇಲೆ ಹದಿನೈದು ನಿಮಿಷ. ಆದರೆ ಅದೇ ಮರದ ಎಲೆ, ಎಳೆ ಕಡ್ಡಿಯಿಂದ ಬರುವ ಪೆಟಿಗ್ರೇನ್ ಸೇರಿಸಿ, ತಳಕ್ಕೆ ಲಾವಂಚದ ಎಣ್ಣೆ ಕೊಟ್ಟರೆ, ಕಿತ್ತಳೆ ಹೋದ ಮೇಲೂ ಅದರ ಹಸಿರು ಕಹಿ ಉಳಿಯುತ್ತದೆ. ನೆರೋಲಿ ಹಾಕಿದರೆ ಇನ್ನೂ ಸೊಗಸು, ಅದು ಇದೇ ಮರದ ಹೂವಿನ ಎಣ್ಣೆ. ಒಂದು ಕೆಜಿಗೆ ಸುಮಾರು ಒಂದು ಟನ್ ಹೂವು ಬೇಕು, ಹಾಗಾಗಿ ನಾನು ಹನಿ ಲೆಕ್ಕದಲ್ಲೇ ಬಳಸೋದು.

ಕೊಳ್ಳುವಾಗ ಲೇಬಲ್ ಸರಿಯಾಗಿ ಓದಿ. ಈ ಮರದ ಮೂರೂ ಎಣ್ಣೆಗೆ ಸಿಟ್ರಸ್ ಆರಾಂಟಿಯಮ್ ಅಂತ ಮರದ ವೈಜ್ಞಾನಿಕ ಹೆಸರೇ ಇರುತ್ತದೆ. ಸಿಪ್ಪೆಯದ್ದೋ, ಎಲೆಯದ್ದೋ, ಹೂವಿನದ್ದೋ ಕೇಳಿಯೇ ತಗೊಳ್ಳಿ. ನನ್ನ ಈ ಬಾಟಲಿಯ ಮೇಲೆ ಎಣ್ಣೆ ತೆಗೆದ ದಿನಾಂಕವೇ ಇರಲಿಲ್ಲ. ಇಷ್ಟು ಬೇಗ ಕೆಡುವ ಎಣ್ಣೆಗೆ ಅದು ದೊಡ್ಡ ಕೊರತೆಯೇ. ಅದಕ್ಕೇ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ.

ಕೊನೆಯ 5 ಎಂಎಲ್ ಬಾಟಲಿಯನ್ನು ಮೊನ್ನೆ ತೆರೆದೆ. 14 ತಿಂಗಳಾದರೂ ಮುಚ್ಚಳ ತಿರುಗಿಸಿದ ತಕ್ಷಣ ಅದೇ ತುಂತುರಿನ ಘಮ.