ತಿಂಗಳ ಫೀಸೋ, ಖರ್ಚಿನ ಪರ್ಸೆಂಟೋ, ಲೀಡಿಗಿಷ್ಟೋ: ಹೊಸ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಗೆ ಯಾವ ಲೆಕ್ಕ ಗಿಟ್ಟುತ್ತದೆ?

ಬೆಂಗಳೂರಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಶುರುಮಾಡುವವರು ಮೊದಲು ಹೆಸರು, ಲೋಗೊ, ವೆಬ್‌ಸೈಟು ಎಂದು ಓಡಾಡುತ್ತಾರೆ. ಬಿಲ್ಲನ್ನು ಯಾವ ಲೆಕ್ಕದಲ್ಲಿ ಹಾಕಬೇಕು ಅನ್ನುವ ಯೋಚನೆ ಬರುವುದು ಮೊದಲ ಗಿರಾಕಿ ಎದುರು ಕೂತು ರೇಟು ಕೇಳಿದಾಗ. ಏಜೆನ್ಸಿ ಎರಡನೇ ವರ್ಷ ಕಾಣುತ್ತದೋ ಇಲ್ಲವೋ ಅನ್ನುವುದನ್ನು ಬಹುಪಾಲು ಆ ಲೆಕ್ಕವೇ ತೀರ್ಮಾನಿಸುತ್ತದೆ. ಊರಲ್ಲಿ ಚಾಲ್ತಿಯಲ್ಲಿರುವುದು ಮೂರು ಪದ್ಧತಿ: ತಿಂಗಳಿಗೆ ಇಷ್ಟು ಎಂಬ ರಿಟೇನರ್, ಜಾಹೀರಾತು ಖರ್ಚಿನಲ್ಲಿ ಪರ್ಸೆಂಟು, ಒಂದೊಂದು ಲೀಡಿಗೆ (ಜಾಹೀರಾತು ನೋಡಿ ಹೆಸರು, ನಂಬರು ಕೊಟ್ಟ ಒಬ್ಬ ಸಂಭಾವ್ಯ ಗಿರಾಕಿ) ಇಷ್ಟು ಅನ್ನುವುದು. ಮೂರನ್ನೂ ನಡೆಸಿ ನೋಡಿದ ಮೇಲೆ ನಮ್ಮ ಮಾತು ನೇರ: ಹೊಸಬರಿಗೆ ರಿಟೇನರ್ರೇ ಸರಿ. ಪರ್ಸೆಂಟು ದೊಡ್ಡ ಬಜೆಟ್ಟಿಗೆ ಮಾತ್ರ. ಲೀಡಿನ ಲೆಕ್ಕ ಕೇಳಲು ಚೆಂದ, ಕೈ ಕಚ್ಚುವುದೂ ಅದೇ.

ತೂಗಿ ನೋಡುವ ಮೊದಲು ನಿಮ್ಮ ಒಂದು ಗಂಟೆಯ ಅಸಲು ಗೊತ್ತಿರಬೇಕು. ಜಾಹೀರಾತು ನೋಡಿಕೊಳ್ಳುವ ಒಬ್ಬರಿಗೆ ಸಂಬಳ 40,000 ರೂಪಾಯಿ, ಅವರ ಪಾಲಿನ ಬಾಡಿಗೆ, ಇಂಟರ್ನೆಟ್, ಸಾಫ್ಟ್‌ವೇರು 15,000 ಎಂದು ಹಿಡಿಯಿರಿ. ತಿಂಗಳಲ್ಲಿ 176 ಗಂಟೆ ಕೂತರೂ ಮೀಟಿಂಗು, ಕೊಟೇಶನ್ನು, ಫಾಲೋಅಪ್ಪು ಕಳೆದು ಗಿರಾಕಿಯ ಕೆಲಸಕ್ಕೆ ಸಿಗುವುದು ಸುಮಾರು 110. ಅಂದರೆ ಗಂಟೆಗೆ 500 ರೂಪಾಯಿ ಅಸಲು. ಗೂಗಲ್ ಸರ್ಚ್ ಮತ್ತು ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್) ಜಾಹೀರಾತು ಎರಡೂ ಇರುವ ಒಬ್ಬ ಸಣ್ಣ ಗಿರಾಕಿಗೆ ಮೊದಲ ತಿಂಗಳು 40 ಗಂಟೆ ಹೋಗುತ್ತದೆ, ಆಮೇಲೆ 20. ಅಸಲು ಮೊದಲ ತಿಂಗಳು 20,000, ನಂತರ 10,000. ಮುಂದಿನ ಲೆಕ್ಕವೆಲ್ಲ ಈ ಅಂಕಿಗಳ ಮೇಲೇ.

ರಿಟೇನರ್ ತೆಗೆದುಕೊಳ್ಳೋಣ. ಜಯನಗರದ ಒಂದು ಡೆಂಟಲ್ ಕ್ಲಿನಿಕ್ಕಿಗೆ ತಿಂಗಳಿಗೆ 15,000 ಎಂದು ಒಪ್ಪಿಕೊಂಡರೆ ಮೊದಲ ತಿಂಗಳೇ 5,000 ಕೈಯಿಂದ ಹೋಗುತ್ತದೆ. ಆದ್ದರಿಂದ ಸೆಟಪ್ ಶುಲ್ಕ ಬೇರೆ, ತಿಂಗಳ ಫೀಸು ಬೇರೆ ಎಂದು ಬರೆಯಲೇಬೇಕು. ಸೆಟಪ್ 12,000, ಫೀಸು 15,000, ಕನಿಷ್ಠ ಮೂರು ತಿಂಗಳು, ಬಿಡುವುದಾದರೆ 30 ದಿನ ಮೊದಲೇ ತಿಳಿಸಬೇಕು, ದುಡ್ಡು ಪ್ರತಿ ತಿಂಗಳ 5ರೊಳಗೆ ಮುಂಗಡ. ಇದರಲ್ಲಿ ಕೆಡುವುದು ಒಂದೇ: ಕೆಲಸದ ಗಡಿ. ಕರಾರಿನಲ್ಲಿ "ಸೋಷಿಯಲ್ ಮೀಡಿಯಾ ನಿರ್ವಹಣೆ" ಎಂದಷ್ಟೇ ಬರೆದರೆ ಹಬ್ಬದ ಶುಭಾಶಯ ಪೋಸ್ಟರಿನಿಂದ ಹಿಡಿದು ಮಾಲೀಕರ ಮಗಳ ನಾಮಕರಣದ ಆಹ್ವಾನದವರೆಗೆ ಎಲ್ಲವೂ ನಿಮ್ಮ ಡಿಸೈನರ್ ತಲೆಗೆ ಬರುತ್ತದೆ. ತಿಂಗಳಿಗೆ 8 ಪೋಸ್ಟು, 2 ರೀಲು, ಪ್ರತಿಯೊಂದಕ್ಕೂ ಎರಡು ಸಲ ತಿದ್ದುಪಡಿ ಎಂದು ಸಂಖ್ಯೆಯಲ್ಲೇ ಬರೆಯಿರಿ.

ಇನ್ನೊಂದು ತೊಂದರೆ ನಾಲ್ಕನೇ ತಿಂಗಳಿಗೆ ಬರುತ್ತದೆ: "ಎಲ್ಲಾ ಸೆಟ್ ಆಯ್ತಲ್ಲ, ಇನ್ನೇನಿದೆ ಕೆಲಸ?" ಉತ್ತರ ಮಾತಿನಲ್ಲಿ ಕೊಡಬೇಡಿ. ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆದು ತೋರಿಸಿ. ಕ್ಲಿನಿಕ್ಕಿನ ಜಾಹೀರಾತನ್ನು ಕ್ಲಿಕ್ ಮಾಡಿದವರು ನಿಜಕ್ಕೂ ಟೈಪ್ ಮಾಡಿದ್ದೇನು ಅಂತ ನೋಡಿದರೆ "ಡೆಂಟಲ್ ಅಸಿಸ್ಟೆಂಟ್ ಜಾಬ್", "ಬಿಡಿಎಸ್ ಫೀಸ್", "ಸರ್ಕಾರಿ ಡೆಂಟಲ್ ಕಾಲೇಜು ಟೈಮಿಂಗ್" ಇಂಥವು ಸಾಲುಗಟ್ಟಿರುತ್ತವೆ. ಒಬ್ಬರಿಗೂ ಹಲ್ಲು ನೋವಿಲ್ಲ, ಪ್ರತಿ ಕ್ಲಿಕ್ಕಿಗೂ ಡಾಕ್ಟರ ದುಡ್ಡು ಹೋಗಿದೆ. ವಾರವಾರ ಇವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ (ಈ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಎಂಬ ಪಟ್ಟಿ) ಸೇರಿಸುವುದೇ ನಿಮ್ಮ ಕೆಲಸ. ತಿಂಗಳಿಗೊಂದು ಪುಟದಲ್ಲಿ ತೆಗೆದದ್ದೇನು, ಉಳಿಸಿದ್ದೆಷ್ಟು ಎಂದು ಬರೆದುಕೊಟ್ಟರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಇದೇ ಕೆಲಸಕ್ಕೆ ಪರ್ಸೆಂಟ್ ಲೆಕ್ಕ ಅಡ್ಡ ಬರುತ್ತದೆ. ವ್ಯರ್ಥ ಖರ್ಚು ಕಡಿಮೆ ಮಾಡಿದಷ್ಟೂ ನಿಮ್ಮ ಆದಾಯವೂ ಕಡಿಮೆ. ಯಾರೂ ಬೇಕೆಂದು ಮೋಸ ಮಾಡುವುದಿಲ್ಲ, ಆದರೆ ನೆಗೆಟಿವ್ ಪಟ್ಟಿ ನೋಡುವ ಆಸಕ್ತಿ ತಾನಾಗಿಯೇ ಕುಗ್ಗುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಅಂಕಿಯದ್ದು. ತಿಂಗಳಿಗೆ 40,000 ಖರ್ಚು ಮಾಡುವ ಗಿರಾಕಿಯಿಂದ 15 ಪರ್ಸೆಂಟಿಗೆ ಬರುವುದು 6,000, ನಿಮ್ಮ ಅಸಲು 10,000. ಅಸಲು ಹುಟ್ಟಬೇಕಾದರೇ ಖರ್ಚು 67,000ದ ಹತ್ತಿರ ಇರಬೇಕು. ಮೇಲಾಗಿ ಆಷಾಢ ಬಂತೆಂದರೆ ಸೈಟು, ಫ್ಲ್ಯಾಟು ಮಾರುವವರು ಬಜೆಟ್ ಮಡಚಿಡುತ್ತಾರೆ. ಪಿತೃಪಕ್ಷದಲ್ಲಿ ಇನ್ನೊಮ್ಮೆ. ನಿಮ್ಮ ಹುಡುಗರ ಸಂಬಳಕ್ಕೆ ಆಷಾಢವಿಲ್ಲ. ಪರ್ಸೆಂಟ್ ಬೇಕೇ ಬೇಕೆಂದರೆ "15,000 ಅಥವಾ ಖರ್ಚಿನ 12 ಪರ್ಸೆಂಟ್, ಯಾವುದು ಹೆಚ್ಚೋ ಅದು" ಎಂದು ಬರೆಯಿರಿ. ಖರ್ಚು 1,25,000 ದಾಟುವವರೆಗೆ ಅದು ರಿಟೇನರ್ರಾಗಿಯೇ ಇರುತ್ತದೆ, ದಸರಾ ದೀಪಾವಳಿಗೆ ಖರ್ಚು ಏರಿದಾಗ ನಿಮ್ಮ ಪಾಲೂ ಏರುತ್ತದೆ.

ಪರ್ಸೆಂಟ್ ಪದ್ಧತಿಯಲ್ಲಿ ಹೆಚ್ಚಿನವರು ಬೀಳುವ ಗುಂಡಿ ಬೇರೆಯೇ ಇದೆ: ಗಿರಾಕಿಯ ಜಾಹೀರಾತಿನ ದುಡ್ಡನ್ನು ತಮ್ಮ ಕಾರ್ಡಿನಿಂದ ಕಟ್ಟುವುದು. ಗೂಗಲ್ ಬಿಲ್ಲು ನಿಮ್ಮ ಹೆಸರಿಗೆ ಬಂದು, ಅದನ್ನು ನೀವು ಗಿರಾಕಿಗೆ ಮರುಬಿಲ್ಲು ಮಾಡಿದರೆ ಆ ಮೊತ್ತವೂ ನಿಮ್ಮ ವಹಿವಾಟೇ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ತಿಂಗಳಿಗೆ 2 ಲಕ್ಷ ಹೀಗೆ ಹಾದುಹೋದರೆ ಹತ್ತೇ ತಿಂಗಳಲ್ಲಿ ಅಲ್ಲಿಗೆ ತಲುಪುತ್ತೀರಿ, 12 ಪರ್ಸೆಂಟಿನ ಲೆಕ್ಕದಲ್ಲಿ ಸ್ವಂತ ಸಂಪಾದನೆ ಅದರ ಎಂಟನೇ ಒಂದು ಪಾಲೂ ಇರುವುದಿಲ್ಲ. ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಇನ್ನೂ ಕಷ್ಟ. ಫೀಸು 15,000, ಜಾಹೀರಾತು ಖರ್ಚು 1,00,000 ಒಂದೇ ಬಿಲ್ಲಿನಲ್ಲಿದ್ದರೆ ಗಿರಾಕಿಯ ಅಕೌಂಟೆಂಟ್ ಇಡೀ 1,15,000ದ ಮೇಲೆ ಹಿಡಿಯುತ್ತಾರೆ. ಜಾಹೀರಾತು ಗುತ್ತಿಗೆ ಎಂದು 2 ಪರ್ಸೆಂಟ್ ಹಿಡಿದರೆ 2,300. ವೃತ್ತಿಪರ ಸೇವೆ ಎಂದು 10 ಪರ್ಸೆಂಟ್ ಹಿಡಿದರೆ 11,500. ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು ನಿಜ, ಈ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲ.

ಪರಿಹಾರ ಸುಲಭ. ಗೂಗಲ್ ಆಡ್ಸ್ ಖಾತೆ ಗಿರಾಕಿಯ ಹೆಸರಿನಲ್ಲೇ ಇರಲಿ, ಅವರ ಜಿಎಸ್‌ಟಿ ಸಂಖ್ಯೆಯೂ ಅಲ್ಲೇ ಇರಲಿ. ಅವರಿಗೆ ಅರ್ಹತೆಯಿದ್ದರೆ 18 ಪರ್ಸೆಂಟ್ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ಪಡೆಯುತ್ತಾರೆ. ಹತ್ತು ಅಂಕಿಯ ಕಸ್ಟಮರ್ ಐಡಿ ಪಡೆದು ನಿಮ್ಮ ಮ್ಯಾನೇಜರ್ ಅಕೌಂಟಿಗೆ (ಹಲವು ಗಿರಾಕಿಗಳ ಖಾತೆಯನ್ನು ಒಂದೇ ಕಡೆ ನೋಡಿಕೊಳ್ಳುವ ಖಾತೆ) ಜೋಡಿಸಿಕೊಳ್ಳಿ. ಮೆಟಾದಲ್ಲಿ ಅವರ ಬಿಸಿನೆಸ್ ಖಾತೆಗೆ ಪಾರ್ಟ್ನರ್ ಆಗಿ ಸೇರಿ, ಅವರ ಪಾಸ್‌ವರ್ಡ್ ಕೇಳಬೇಡಿ. ದುಡ್ಡು ಕಟ್ಟುವಾಗ ಒಂದು ಎಚ್ಚರ: ರಿಸರ್ವ್ ಬ್ಯಾಂಕ್ ನಿಯಮದಂತೆ 15,000 ರೂಪಾಯಿ ಮೀರಿದ ಆಟೊ ಡೆಬಿಟ್‌ಗೆ ಪ್ರತಿ ಸಲವೂ ದೃಢೀಕರಣ ಬೇಕು. ಅದು ಸಿಗದೆ ಪೇಮೆಂಟ್ ಫೇಲಾಗಿ, ಫೋನುಗಳು ಹೆಚ್ಚು ಬರುವ ಶನಿವಾರ ಭಾನುವಾರವೇ ಜಾಹೀರಾತು ನಿಲ್ಲುತ್ತದೆ. ಹತ್ತು ದಿನದ ಖರ್ಚನ್ನು ಮುಂಗಡವಾಗಿ ಖಾತೆಗೆ ತುಂಬಿಸಿಡಲು ಗಿರಾಕಿಗೆ ಹೇಳಿ.

ಇನ್ನು ಲೀಡಿನ ಲೆಕ್ಕ. ಸರ್ಜಾಪುರ ರಸ್ತೆ, ದೇವನಹಳ್ಳಿ ಕಡೆಯ ಬಿಲ್ಡರುಗಳು ಬಾಯಿ ತೆರೆದರೆ ಕೇಳುವುದು ಇದನ್ನೇ: "ಲೀಡಿಗೆ ಎಷ್ಟು ಹೇಳಿ." ಜಾಹೀರಾತು ಖರ್ಚು ನಿಮ್ಮದು, ಅಪಾಯವೂ ನಿಮ್ಮದು. ಲೀಡಿಗೆ 900 ಎಂದು ಒಪ್ಪಿದಿರಿ, ನಿಮಗೆ ಬಿದ್ದದ್ದು 550. ನೂರು ಲೀಡಿಗೆ ಖರ್ಚು 55,000. ಬಿಲ್ಡರ್ 25ನ್ನು ತಿರಸ್ಕರಿಸಿದರೆ ಬರುವುದು 67,500, ಉಳಿದದ್ದು 12,500; ಕೆಲಸದ ಅಸಲು 10,000 ಕಳೆದರೆ 2,500. ತಿರಸ್ಕಾರ 35ಕ್ಕೆ ಏರಿದರೆ ಬರುವುದು 58,500, ಆಗ 6,500 ನಷ್ಟ. ಲಾಭ ನಷ್ಟದ ನಡುವೆ ಇರುವುದು ಹತ್ತು ಫೋನ್ ನಂಬರು, ಅವನ್ನು ತಿರಸ್ಕರಿಸುವ ಅಧಿಕಾರ ಎದುರಿನವರ ಕೈಯಲ್ಲಿ.

ತಿರಸ್ಕಾರ ಏಕೆ ಏರುತ್ತದೆ ಅನ್ನುವುದಕ್ಕೆ ಕಾರಣಗಳು ಗೊತ್ತಿರುವಂಥವೇ. ಮೆಟಾದ ಇನ್‌ಸ್ಟಂಟ್ ಫಾರ್ಮ್ ಹೆಸರು, ನಂಬರನ್ನು ಪ್ರೊಫೈಲಿನಿಂದ ತಾನೇ ತುಂಬುತ್ತದೆ. ನಂಬರು ಹಳೆಯದಿರಬಹುದು, ಬೆರಳು ತಾಗಿ ಫಾರ್ಮ್ ಹೋಗಿರಬಹುದು. "ಮೋರ್ ವಾಲ್ಯೂಮ್" ಬದಲು "ಹೈಯರ್ ಇಂಟೆಂಟ್" ಆರಿಸಿದರೆ ಕಳಿಸುವ ಮುನ್ನ ಇನ್ನೊಮ್ಮೆ ನೋಡುವ ಹಂತ ಸೇರುತ್ತದೆ. ಜೊತೆಗೆ ಬಜೆಟ್ ಎಷ್ಟು ಎಂದು ಕೈಯಾರೆ ಟೈಪ್ ಮಾಡಬೇಕಾದ ಒಂದು ಪ್ರಶ್ನೆ ಇಡಿ. ಲೀಡಿನ ಬೆಲೆ ಏರುತ್ತದೆ, ಆದ್ದರಿಂದ ದರ ಹೇಳುವ ಮುನ್ನವೇ ಇದನ್ನು ಲೆಕ್ಕಕ್ಕೆ ಸೇರಿಸಬೇಕು. ಆಡ್ ಸೆಟ್ಟುಗಳನ್ನು (ಒಂದೇ ಬಜೆಟ್ಟು, ಒಂದೇ ಬಗೆಯ ನೋಡುಗರಿರುವ ಜಾಹೀರಾತು ಗುಂಪು) ಚೂರುಚೂರು ಮಾಡುವುದೂ ತಪ್ಪು: ಯಾರಿಗೆ ತೋರಿಸಬೇಕೆಂದು ಮೆಟಾ ಕಲಿಯುವ ಲರ್ನಿಂಗ್ ಹಂತ ದಾಟಲು ಒಂದು ಆಡ್ ಸೆಟ್ಟಿಗೆ ವಾರದಲ್ಲಿ ಸುಮಾರು 50 ಲೀಡು ಬೇಕು. ಲೀಡಿಗೆ 550 ಆದರೆ ವಾರಕ್ಕೆ 27,500. ತಿಂಗಳಿಗೆ 55,000 ಇಟ್ಟುಕೊಂಡು ಐದು ಆಡ್ ಸೆಟ್ ನಡೆಸಿದರೆ ಒಂದೂ ಆ ಹಂತ ದಾಟುವುದಿಲ್ಲ.

ಉಳಿದದ್ದು ಬಿಲ್ಡರ ಕಡೆಯದು. ಸೇಲ್ಸ್‌ನವರು ಎರಡು ದಿನ ಬಿಟ್ಟು ಫೋನ್ ಮಾಡಿದರೆ "ನಾನು ಯಾವ ಫಾರ್ಮೂ ತುಂಬಿಲ್ಲ" ಎಂಬ ಉತ್ತರ ಖಚಿತ. ಹಾಗಾಗಿ ಕರಾರಿನಲ್ಲಿ ಒಳ್ಳೆಯ ಲೀಡು ಅಂದರೇನು ಎಂದು ಬಿಡಿಸಿ ಬರೆಯಿರಿ: ಒಟಿಪಿ ಆದ ನಂಬರು, ಕಳೆದ 90 ದಿನದಲ್ಲಿ ಅವರ ಪಟ್ಟಿಯಲ್ಲಿ ಇಲ್ಲದ್ದು. ತಿರಸ್ಕರಿಸುವುದಾದರೆ 72 ಗಂಟೆಯೊಳಗೆ, ಕರೆಯ ದಾಖಲೆ ಸಮೇತ. ದುಡ್ಡು 50 ಲೀಡಿಗೊಮ್ಮೆ ಮುಂಗಡ. ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿದ್ದೂ ಆಗಿರದಿದ್ದರೆ ಜಾಹೀರಾತನ್ನೇ ಮುಟ್ಟಬೇಡಿ. ಆಗಿದ್ದರೆ ನೋಂದಣಿ ಸಂಖ್ಯೆ ಜಾಹೀರಾತಿನ ಪ್ರತಿ ಚಿತ್ರ, ವಿಡಿಯೊದಲ್ಲೂ ಇರಲಿ. ಇಷ್ಟಕ್ಕೆ ಒಪ್ಪದ ಬಿಲ್ಡರನ್ನು ಬಿಟ್ಟುಬಿಡುವುದೇ ಲಾಭ.

ಪೀಣ್ಯದ ಮೆಷಿನ್ ಶಾಪಿನವರಿಗೆ ಲೀಡಿನ ಲೆಕ್ಕ ಹೊಂದುವುದೇ ಇಲ್ಲ. ಸಿಎನ್‌ಸಿ ಜಾಬ್‌ವರ್ಕಿಗೆ ತಿಂಗಳಿಗೆ ಎಂಟು ಹತ್ತು ಎನ್‌ಕ್ವೈರಿ ಬಂದರೂ ಅದರಲ್ಲೊಂದು ಲಕ್ಷಗಟ್ಟಲೆಯ ಆರ್ಡರಾಗಬಹುದು. ಅಲ್ಲಿ ರಿಟೇನರ್ ತೆಗೆದುಕೊಂಡು, ಯಾವ ಎನ್‌ಕ್ವೈರಿ ಕೊಟೇಶನ್ನಿಗೆ ಹೋಯಿತು ಎಂಬುದನ್ನು ಕ್ಲಿಕ್ ಐಡಿ (ಪ್ರತಿ ಕ್ಲಿಕ್ಕಿಗೂ ಗೂಗಲ್ ಕೊಡುವ ಗುರುತು) ಸಮೇತ ಶೀಟಿನಲ್ಲಿ ಇಟ್ಟು, ಕ್ಲಿಕ್ ಆದ 90 ದಿನದೊಳಗೆ ಗೂಗಲ್ ಆಡ್ಸ್‌ಗೆ ಅಪ್‌ಲೋಡ್ ಮಾಡಿ. ಬರೀ ಫಾರ್ಮ್ ತುಂಬುವವರನ್ನು ಬಿಟ್ಟು ಆರ್ಡರ್ ಕೊಡುವಂಥವರ ಕಡೆ ಗೂಗಲ್‌ನ ಬಿಡ್ಡಿಂಗ್ (ಯಾರಿಗೆ ಎಷ್ಟು ಬೆಲೆಗೆ ಜಾಹೀರಾತು ತೋರಿಸಬೇಕೆಂಬ ಲೆಕ್ಕ) ವಾಲುತ್ತದೆ.

ಯಾವ ಪದ್ಧತಿಯಾದರೂ ಬಾಕಿ ವಸೂಲಿಗೆ ಒಂದು ದಾರಿ ಮೊದಲೇ ಮಾಡಿಟ್ಟುಕೊಳ್ಳಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆನ್‌ಲೈನಿನಲ್ಲೇ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಬರಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ತಪ್ಪಿಸಿದ ಕಂಪನಿ ಆ ಬಿಲ್ಲನ್ನು ದುಡ್ಡು ನಿಜಕ್ಕೂ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆಗೆ ಖರ್ಚೆಂದು ತೋರಿಸಬಹುದು. ಉದ್ಯಮ್ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಎದ್ದು ಕಾಣುವಂತೆ ಹಾಕಿ. ಮಾಲೀಕರಿಗೆ ನೆನಪಿಲ್ಲದಿದ್ದರೂ ಮಾರ್ಚ್ ತಿಂಗಳಲ್ಲಿ ಅವರ ಅಕೌಂಟೆಂಟ್ ಅದನ್ನು ನೋಡಿಯೇ ನೋಡುತ್ತಾರೆ.