‘200 ಜೂಲ್’ ನೋಡಿ ಶೂ ತಗೊಳ್ಳಬೇಡಿ, ‘ಪಿ’ ಇದೆಯಾ ನೋಡಿ

ಕಟ್ಟಡ ಕೆಲಸ, ಫ್ಯಾಬ್ರಿಕೇಶನ್, ಗೋಡೌನ್, ಎಲ್ಲೇ ಇರಲಿ, ಸೇಫ್ಟಿ ಶೂ ಹಾಕುವವರು ದಯವಿಟ್ಟು ಇದನ್ನು ಓದಿ. ಮುಂದೆ ಸ್ಟೀಲ್ ಟೋ ಇದೆ ಅಂದಮಾತ್ರಕ್ಕೆ ಆ ಶೂ ನಿಮ್ಮ ಅಂಗಾಲನ್ನು ಕಾಪಾಡುವುದಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದಾಗ ನನಗೇ ಇದರ ಏಟು ಬಿತ್ತು.

ಅವತ್ತು ಸ್ಲ್ಯಾಬಿನ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಆಸರೆಯಾಗಿ ಕೊಟ್ಟ ಹಲಗೆಗಳನ್ನು, ಬಿಚ್ಚುತ್ತಿದ್ದರು. ಸೈಟಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ, ಆ ಹೊತ್ತಿಗೆ ನೆಲದ ತುಂಬಾ ಹಲಗೆ, ರೀಪರು, ಅವುಗಳಲ್ಲಿ ಮೇಲಕ್ಕೆ ಮುಖ ಮಾಡಿದ ಮೊಳೆಗಳು. ಬಲಗಾಲು ಇಟ್ಟೆ. ಮೊಳೆ ಶೂವಿನ ಸೋಲು (ಅಡಿಭಾಗ) ದಾಟಿ ನೇರ ಅಂಗಾಲಿಗೆ ಇಳಿಯಿತು. ಕಾಲು ಎತ್ತಿದರೆ ಹಲಗೆಯೂ ಜೊತೆಗೇ ಬಂತು. ಮೇಸ್ತ್ರಿ ಕಾಲು ಒತ್ತಿ ಹಿಡಿದು ಅದನ್ನು ಎಳೆದರು. ಶೂ ಹೊಚ್ಚ ಹೊಸದು. ಡಬ್ಬಿ ಮೇಲೆ ದೊಡ್ಡದಾಗಿ ‘200 ಜೂಲ್’ ಅಂತ ಇತ್ತು. ಕೊಡುವಾಗ ಕಂಟ್ರಾಕ್ಟರ್ ಕಡೆಯವರು “ಫುಲ್ ಸೇಫ್ಟಿ ಸಾರ್, ಏನೂ ಆಗಲ್ಲ” ಅಂದಿದ್ದರು.

ಡಾಕ್ಟರು ಗಾಯ ತೊಳೆದು, ಒಳಗಿಂದ ಕಾಲುಚೀಲದ ಚೂರು ತೆಗೆದರು, ಟಿಟಿ ಕೊಟ್ಟರು. ಇಂಥ ಗಾಯ ಮೇಲೆ ಸಣ್ಣ ತೂತು, ಒಳಗೆ ಆಳ. ಸೋಲಿನ, ಸಾಕ್ಸಿನ ಕೊಳೆ ಮೊಳೆ ಜೊತೆ ಒಳಗೆ ಹೋಗಿರುತ್ತೆ. ಅದಕ್ಕೇ ಕೀವಾಗುವ ಭಯ ಜಾಸ್ತಿ. ಅರಿಶಿನ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವ ಹುಡುಗರನ್ನು ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಆಮೇಲೆ ಶೂ ನಾಲಗೆಯ ಒಳಬದಿ ನೋಡಿದೆ. ‘ಎಸ್1’ ಅಂತ ಇತ್ತು. ಶೂನಲ್ಲಿ ಯಾವ ಯಾವ ರಕ್ಷಣೆ ಇದೆ ಅಂತ ಹೇಳುವ ಗುರುತು ಅದು. ಅಂದರೆ ಬೆರಳಿಗೆ ಟೋ ಕ್ಯಾಪ್, ಮುಚ್ಚಿದ ಹಿಮ್ಮಡಿ, ಹೆಜ್ಜೆಯ ಪೆಟ್ಟು ತಡೆಯುವ ಹಿಮ್ಮಡಿ ಭಾಗ, ಆಂಟಿಸ್ಟ್ಯಾಟಿಕ್ ಗುಣ. ಅಷ್ಟೇ. ಸೋಲಿನಲ್ಲಿ ಮೊಳೆ ತಡೆಯುವ ಪದರ ಇರಲೇಬೇಕು ಅಂತ ಎಸ್1 ಹೇಳುವುದೇ ಇಲ್ಲ. 200 ಜೂಲ್ ಅನ್ನುವುದು ಬೆರಳಿನ ಮೇಲಿನ ಕ್ಯಾಪಿನ ಲೆಕ್ಕ. ಸುಮಾರು 20 ಕೆಜಿ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟಾಗ ಬೀಳುವ ಪೆಟ್ಟು ಅದು. ಅಂಗಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಡಬ್ಬಿ ಮೇಲೆ ಆ ಸಂಖ್ಯೆಯನ್ನು ಮಾತ್ರ ದೊಡ್ಡದಾಗಿ ಅಚ್ಚು ಹಾಕುವುದು ನನ್ನ ಪ್ರಕಾರ ತಪ್ಪು.

ಮೊಳೆ ಇರುವ ಕಡೆ ಬೇಕಾಗಿರುವುದು ‘ಪಿ’. ಆ ಅಕ್ಷರ ಇದ್ದರೆ ಸೋಲಿನೊಳಗೆ ತೂತಾಗದ ಪದರ ಇದೆ ಅಂತ ಅರ್ಥ. ಪರೀಕ್ಷೆಯಲ್ಲಿ 4.5 ಮಿಮೀ ದಪ್ಪದ ಮೊಳೆಯನ್ನು 1100 ನ್ಯೂಟನ್ ಬಲದಿಂದ, ಹತ್ತಿರ ಹತ್ತಿರ 110 ಕೆಜಿ ಭಾರದಷ್ಟು, ಒತ್ತಿ ನೋಡುತ್ತಾರೆ. ಒಳಾಂಗಣದ ಒಣ ಕೆಲಸಕ್ಕೆ ಎಸ್1ಪಿ ಸಾಕು. ನೀರು, ಕೆಸರು ಇರುವ ಸೈಟಿಗೆ ಎಸ್3 ತಗೊಳ್ಳಿ. ಅದರಲ್ಲಿ, ‘ಪಿ’ ಅಂತ ಬೇರೆ ಬರೆದಿರದಿದ್ದರೂ, ಮೊಳೆ ತಡೆಯುವ ಪದರದ ಜೊತೆಗೆ ನೀರು ಬೇಗ ಇಳಿಯದ ಮೇಲ್ಭಾಗ, ಹಿಡಿತಕ್ಕೆ ಗಟ್ಟಿ ಕಚ್ಚುಗಳ ಸೋಲು ಇರುತ್ತೆ. ಎಸ್2 ನೋಡಿ ಮೋಸ ಹೋಗಬೇಡಿ. ಸಂಖ್ಯೆ ಎಸ್1ಗಿಂತ ದೊಡ್ಡದು ನಿಜ, ಆದರೆ ಜಾಸ್ತಿ ಸಿಗುವುದು ನೀರಿನ ರಕ್ಷಣೆ, ಮೊಳೆಯದ್ದಲ್ಲ. ಈ ಗುರುತುಗಳನ್ನು ಹೇಳುವ ಅಂತರರಾಷ್ಟ್ರೀಯ ಐಎಸ್ಒ ಮಾನದಂಡದ 2022ರ ಆವೃತ್ತಿಯಲ್ಲಿ ‘ಪಿಎಲ್’, ‘ಪಿಎಸ್’ ಅಂತಲೂ ಬಂದಿವೆ, ಅವು ಬಟ್ಟೆಯಂಥ ಪದರಕ್ಕೆ. ತೆಳ್ಳನೆ ಮೊಳೆಗಳು ಜಾಸ್ತಿ ಇದ್ದರೆ ‘ಪಿಎಲ್’ಗಿಂತ ‘ಪಿಎಸ್’ ಮೇಲು, ಅದನ್ನು 3 ಮಿಮೀ ಮೊಳೆಯಿಂದ ಪರೀಕ್ಷಿಸಿರುತ್ತಾರೆ.

ಇನ್ನೊಂದು ಗೊಂದಲ ಐಎಸ್ 15298 ಅನ್ನುವ ನಮ್ಮ ಭಾರತೀಯ ಮಾನದಂಡದ್ದು. ಅದರಲ್ಲಿ ಭಾಗ 2ರ ಶೂಗೆ 200 ಜೂಲ್ ತಡೆಯುವ ಟೋ. ಭಾಗ 3ಕ್ಕೆ 100 ಜೂಲ್. ಭಾಗ 4ರಲ್ಲಿ ಟೋ ಕ್ಯಾಪ್ ಇರಬೇಕೆಂಬ ನಿಯಮವೇ ಇಲ್ಲ. ಅಂಗಡಿಯಲ್ಲಿ ಮೂರಕ್ಕೂ ‘ಸೇಫ್ಟಿ ಶೂ’ ಅಂತಲೇ ಹೆಸರು! ಐಎಸ್ಐ ಗುರುತಿನ ಜೊತೆ ಯಾವ ಭಾಗ ಅಂತ ಓದಿ. ಕೆಳಗಿರುವ ಸಿಎಂ/ಎಲ್ (ಲೈಸೆನ್ಸ್) ಸಂಖ್ಯೆಯನ್ನು, ಐಎಸ್ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತೆ.

ಎಲೆಕ್ಟ್ರಿಷಿಯನ್ ಗೆಳೆಯರೇ, ಆಂಟಿಸ್ಟ್ಯಾಟಿಕ್ ಅಂದರೆ ಶಾಕ್ ಹೊಡೆಯಲ್ಲ ಅಂತ ಅಲ್ಲ. ಮೈಯಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಬಿಡುವುದು ಅದರ ಕೆಲಸ. ನಿಮಗೆ ಬೇಕಾದ ಇನ್ಸುಲೇಟಿಂಗ್ ಶೂ ಬೇರೆಯೇ ಇದೆ.

ತಯಾರಾದ ತಿಂಗಳು, ವರ್ಷವನ್ನೂ ನೋಡಿ. ತೇವದಲ್ಲಿ ವರ್ಷಗಟ್ಟಲೆ ಇಟ್ಟ ಪಿಯು (ಪಾಲಿಯುರೆಥೇನ್) ಸೋಲು, ಒಮ್ಮೆಯೂ ಹಾಕದಿದ್ದರೂ, ಪುಡಿಪುಡಿಯಾಗಿ ಉದುರುತ್ತದೆ. ಟೋ ಮೇಲೆ ಒಮ್ಮೆ ಭಾರಿ ಪೆಟ್ಟು ಬಿದ್ದ ಶೂವನ್ನು, ಹೊರಗೆ ಚೆನ್ನಾಗೇ ಕಂಡರೂ, ಬದಲಾಯಿಸಿ.

ಕೂಲಿ ಹುಡುಗರಿಗೆ ಒಟ್ಟಿಗೆ ಶೂ ತರಿಸುವ ಕಂಟ್ರಾಕ್ಟರ್‌ಗಳಲ್ಲಿ ನನ್ನದೊಂದು ಕೇಳಿಕೆ. ಆರ್ಡರಿನಲ್ಲಿ ಸುಮ್ನೆ ‘ಸೇಫ್ಟಿ ಶೂ’ ಅಂತ ಬರೆಯಬೇಡಿ. ‘ಐಎಸ್ 15298 ಭಾಗ 2, ಎಸ್3’ ಅಂತ ಬರೆಯಿರಿ. ಮಾಲು ಬಂದ ಮೇಲೆ ಹಣ ಕೊಡುವ ಮೊದಲು ನಾಲ್ಕಾರು ಡಬ್ಬಿ ತೆಗೆಸಿ, ನಾಲಗೆ ಮೇಲಿನ ಗುರುತನ್ನು ನೀವೇ ಓದಿ ನೋಡಿ.