ನಿಂತ ಕ್ಯಾಂಪರ್ ವ್ಯಾನ್: ಅಂಗಳದಲ್ಲೇ ದುರಸ್ತಿಯೋ, ಗ್ಯಾರೇಜಿಗೆ ಸಾಗಣೆಯೋ?

ಗಂಗಾವತಿಯ ಮನೆಯಂಗಳದಲ್ಲಿ ಆರು ವರ್ಷಗಳಿಂದ ನಿಂತಿರುವ ಡೀಸೆಲ್ ಕ್ಯಾಂಪರ್ ವ್ಯಾನನ್ನು (ಒಳಗೇ ಮಲಗಿ ಉಳಿಯಬಹುದಾದ ಪ್ರವಾಸಿ ವ್ಯಾನ್) ಮೆಕ್ಯಾನಿಕ್ ಕರೆಸಿ ಅಲ್ಲಿಯೇ ಸರಿಪಡಿಸಬೇಕೇ, ಬಳ್ಳಾರಿಯ ಗ್ಯಾರೇಜಿಗೆ ಸಾಗಿಸಬೇಕೇ ಎಂದು ನೀವು ಕೇಳಿದ್ದೀರಿ.

ಖರ್ಚಿನಲ್ಲಿ ಅಂಗಳದ ಕೆಲಸವೇ ಹಗುರ. ಸಾಗಣೆಯ ಬಾಡಿಗೆ ಉಳಿಯುತ್ತದೆ. ಬ್ಯಾಟರಿ, ಎಂಜಿನ್ ಆಯಿಲ್, ಫಿಲ್ಟರ್‌ಗಳ ಬದಲಾವಣೆಗೆ ದೊಡ್ಡ ಸಲಕರಣೆಗಳೂ ಬೇಕಿಲ್ಲ. ಆದರೆ ಎಲ್ಲಿಯೇ ಮಾಡಿಸಿದರೂ, ಹಳೆಯ ಡೀಸೆಲನ್ನು ಪೂರ್ತಿ ಬಸಿದು ಟ್ಯಾಂಕ್ ತೊಳೆಯುವ ಮುನ್ನ ದಯವಿಟ್ಟು ಯಾರಿಗೂ ಕೀಲಿ ತಿರುಗಿಸಲು ಬಿಡಬೇಡಿ. ತಳದಲ್ಲಿ ಕೂತ ನೀರು ಮತ್ತು ಕೆಸರು ಎಂಜಿನ್‌ಗೆ ಡೀಸೆಲ್ ಕಳಿಸುವ ಪಂಪ್, ಇಂಜೆಕ್ಟರ್‌ಗಳನ್ನು ಸೇರಿದರೆ ಉಳಿಸಿದ ಹಣದ ಹಲವು ಪಟ್ಟು ಖರ್ಚಾಗುತ್ತದೆ.

ಸುರಕ್ಷತೆಯಲ್ಲಿ ಗ್ಯಾರೇಜೇ ಮೇಲು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬ್ರೇಕಿನ ಸಿಲಿಂಡರ್‌ಗಳು ಒಳಗೇ ತುಕ್ಕು ಹಿಡಿದಿರಬಹುದು. ಅವನ್ನು ಬಿಚ್ಚಲು ಭಾರದ ವಾಹನವನ್ನು ಮಣ್ಣಿನ ನೆಲದ ಮೇಲೆ ಜಾಕ್‌ನಿಂದ ಎತ್ತಿ ಕೆಳಗೆ ನುಸುಳುವುದನ್ನು ನಾನು ಒಪ್ಪಲಾರೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2314 ಎಂದಿದ್ದರೆ 2014ರ 23ನೇ ವಾರ. ಅಷ್ಟು ಹಳೆಯದಾದರೆ, ಟೈರಿನ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿದ್ದರೂ ಬದಲಿಸಿ.

ಒಳಗಿನ ವೈರಿಂಗ್‌ಗೆ ಮಾತ್ರ ಅಂಗಳವೇ ಸೂಕ್ತ, ಏಕೆಂದರೆ ಇಲಿ ಕಡಿದ ತಂತಿಗಳನ್ನು ಹುಡುಕಲು ಅವಸರವಿಲ್ಲದ ದಿನಗಳು ಬೇಕು.

ಚಕ್ರಗಳು ಸಲೀಸಾಗಿ ಉರುಳುತ್ತ, ಬ್ರೇಕ್ ಪೆಡಲ್ ಒತ್ತಿದಾಗ ಗಟ್ಟಿಯಾಗಿದ್ದರೆ ಅಂಗಳದಲ್ಲೇ ಆರಂಭಿಸಿ. ಪೆಡಲ್ ನೆಲ ಮುಟ್ಟುತ್ತಿದ್ದರೆ, ಅಥವಾ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣದ ತಪಾಸಣೆ ಎದುರಿಗಿದ್ದರೆ, ವ್ಯಾನನ್ನು ಲಾರಿಯ ಮೇಲೇರಿಸಿ ಗ್ಯಾರೇಜಿಗೆ ಕಳುಹಿಸಿ.